ಖಾಲಿ ಸಮುದ್ರದ ಕಾವಲು

"ಮೀನ್ ಹಿಡೂ ಮನೀಲಿ ಹುಟ್ಟಿ, ಮೀನ್ ಓಡ್ಸೂಕೆ ಸಂಬ್ಳ ತಕಂಡವ ನೀನು. ನಾಚ್ಕಿ ಆತಿಲ್ಯಾ ನಿಂಗೆ?"

ಮಂಜಕ್ಕ ಕೈಯಲ್ಲಿದ್ದ ಸೌಟನ್ನು ಕಂಟ್ರೋಲ್ ರೂಮಿನ ಮೇಜಿಗೆ ಬಡಿದಳು. ಒಲೆಯ ಮುಂದಿನಿಂದ ನೆಟ್ಟಗೆ ಎದ್ದು ಬಂದವಳು, ಸೌಟು ಕೆಳಗಿಡುವುದನ್ನೂ ಮರೆತಿದ್ದಳು.

"ಆ ಸಂಬ್ಳದ ಅನ್ನ ನಿನ್ನ ಹೊಟ್ಟಿಗೂ ಹೋಯ್ತಲ್ದಾ," ಎಂದ ಅವಳ ತಮ್ಮ ಜಟ್ಟಪ್ಪ. "ಸೌಟ್ ತೆಗಿ. ಗಾಜ್ ಒಡೀತ್."

"ಒಡೀಲಿ. ಒಡೂಕೆ ಅಂತ್ಲೇ ಬಂದದ್ದ್ ನಾನ್."

ಗಾಜಿನ ಪರದೆಯ ಮೇಲೆ ಹಸಿರು ಚುಕ್ಕೆಗಳು ಉಂಗುರದಂತೆ ಕೂತಿದ್ದವು. ಒಂದೊಂದು ಚುಕ್ಕೆಯೂ ಕಡಲ ತಳದಲ್ಲಿ ನೆಟ್ಟ ಒಂದು ಕಂಬ. ಬೆಳ್ಗುಂಡಿ ದ್ವೀಪದ ಸುತ್ತ ಇಂಥ ಕಂಬಗಳ ಬೇಲಿಯಿತ್ತು. ಮುಳ್ಳಿನದಲ್ಲ, ತಂತಿಯದಲ್ಲ, ಸದ್ದಿನ ಬೇಲಿ. ಕಂಬಗಳು ಮನುಷ್ಯನ ಕಿವಿಗೆ ಕೇಳದಷ್ಟು ತಗ್ಗಿದ ಸ್ವರದಲ್ಲಿ ಹಗಲೂ ರಾತ್ರಿ ಗುನುಗುತ್ತಿದ್ದವು. ಮೀನಿನ ಹೊಟ್ಟೆಯೊಳಗಿನ ಗಾಳಿಚೀಲ ಆ ಸದ್ದಿಗೆ ನಡುಗುತ್ತದೆ. ಮೀನು ತಿರುಗಿ ಓಡುತ್ತದೆ. ತಾಗಿದರೆ ಚರ್ಮ ಉರಿಸುವ ಲೋಳೆಮೀನಿಗೆ ತನ್ನ ಮೈ ಯಾವ ಕಡೆ ವಾಲಿದೆ ಎಂಬುದೇ ತಿಳಿಯದೆ ಹೋಗಿ, ಮುದುಡಿ ಆಳಕ್ಕಿಳಿದುಬಿಡುತ್ತದೆ. ಹಾಗಾಗಿ ಬೆಳ್ಗುಂಡಿಯ ನೀರಿನಲ್ಲಿ ಕಚ್ಚುವುದಿಲ್ಲ, ಚುಚ್ಚುವುದಿಲ್ಲ, ಕಾಲಿಗೆ ತಾಗಿ ಹೆದರಿಸುವುದೂ ಇಲ್ಲ. ಲೋಕದ ಯಾವ ಮೂಲೆಯವನಾದರೂ ಸರಿ, ಹಾಲುಗೂಸನ್ನು ಎತ್ತಿಕೊಂಡೇ ಕಡಲಿಗಿಳಿಯಬಹುದಿತ್ತು. ನೀರು ಗಾಜಿನಷ್ಟು ತಿಳಿ. ತಿಳಿಯಾಗಿರದೆ ಏನು, ಅದರಲ್ಲಿ ಜೀವ ಎಂಬುದೇ ಇರಲಿಲ್ಲ.

ಜಟ್ಟಪ್ಪ ಹದಿನೈದು ವರ್ಷದಿಂದ ಈ ಬೇಲಿಯ ಕಾವಲುಗಾರ. ದಿನಾ ಬೆಳಿಗ್ಗೆ ಟೆಲಿಫೋನಿನ ಕೆಂಪು ಗುಂಡಿ ಒತ್ತಿ "ಬೆಳ್ಗುಂಡಿ. ಸಮುದ್ರ ಖಾಲಿ" ಎಂದು ಹೇಳಬೇಕು. ಆ ಮಾತು ಯಾವುದೋ ದೇಶದ ಯಾವುದೋ ಕಚೇರಿಯಲ್ಲಿ ದಾಖಲಾಗಿ, ಅಲ್ಲಿಂದ ನಿರಪಾಯ ತೀರ ಎಂಬ ಪಟ್ಟ ಬರುತ್ತಿತ್ತು. ಆ ಪಟ್ಟ ಇದ್ದಲ್ಲಿಗೆ ಮಾತ್ರ ಪ್ರವಾಸಿಗರ ದೊಡ್ಡ ಹಡಗು ಬರುವುದು. ಹೀಗೆ ಇಡೀ ದ್ವೀಪ ಜಟ್ಟಪ್ಪನ ಆ ಎರಡು ಮಾತಿನ ಮೇಲೆ ನಿಂತಿತ್ತು. ಅವನಿಗೆ ಅದರ ಹೆಮ್ಮೆ ಬಹಳ. ಮೀನು ಹಿಡಿಯುವ ಮೊಗೇರರ ಕೇರಿಯ ಅಷ್ಟೂ ಮನೆಗಳು ದೋಣಿ ಬಿಟ್ಟು ಹೋಟೆಲಿನಲ್ಲಿ ತಟ್ಟೆ ಹಿಡಿದವು, ಹಾಸಿಗೆ ಮಡಚಿದವು, ಬಿಳಿ ಅಂಗಿ ತೊಟ್ಟು ಬಾಗಿಲು ತೆರೆದವು. ತಿನ್ನುವುದಕ್ಕೆ ಮೀನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಭಟ್ಕಳದ ಕಡೆಯಿಂದ ಬರುತ್ತಿತ್ತು. ಮೊಗೇರರು ಮೀನು ಕೊಂಡು ತಿಂದ ಊರು ಲೋಕದಲ್ಲಿ ಅದೊಂದೇ ಇದ್ದೀತು.

ಆಮೇಲೆ ಮಹಾಕುಸಿತ ಬಂತು. ದೂರದ ದೇಶಗಳ ಬ್ಯಾಂಕುಗಳು ಒಂದರ ಮೇಲೊಂದು ಬಿದ್ದವು. ಯಾಕೆ ಬಿದ್ದವು ಎಂದು ಟಿವಿಯಲ್ಲಿ ವಿವರಿಸಿದವರಿಗೇ ಅರ್ಥವಾದ ಹಾಗೆ ಕಾಣಲಿಲ್ಲ. ಕೆಲಸ ಹೋದವನು ಮೊದಲು ಬಿಡುವುದೇ ಪ್ರವಾಸವನ್ನು. ಒಂದು ಚಳಿಗಾಲ ಅರ್ಧ ಹಡಗು ಬಂತು. ಮುಂದಿನ ಚಳಿಗಾಲ ಹಡಗೇ ಬರಲಿಲ್ಲ. ಹೋಟೆಲು ನಡೆಸುತ್ತಿದ್ದ ನೀಲತೀರ ಕಂಪನಿ ತನ್ನ ಜನರನ್ನೆಲ್ಲ ಕರೆಸಿಕೊಂಡು, ಆಸ್ತಿ ಕಾಯಲು ವಸಂತ ರೇವಣಕರ್ ಎಂಬ ಒಬ್ಬ ಮ್ಯಾನೇಜರನನ್ನು ಬಿಟ್ಟಿತು.

ದ್ವೀಪದ ಜನ ಹೇಗೋ ಬದುಕಿದರು. ಉಗ್ರಾಣದಲ್ಲಿ ಉಳಿದ ಇಟಲಿಯ ಪಾಸ್ತಾವನ್ನು ಬೀಸಿ ದೋಸೆ ಹೊಯ್ದರು. ಆಲಿವ್ ಕಾಯಿಗೆ ಮೆಣಸಿನ ಪುಡಿ ಕಲಸಿ ಉಪ್ಪಿನಕಾಯಿ ಎಂದು ನೆಕ್ಕಿದರು. ಈಜುಕೊಳ ಮಳೆನೀರಿನ ತೊಟ್ಟಿಯಾಯಿತು, ಟೆನಿಸ್ ಅಂಗಳದಲ್ಲಿ ಹರಿವೆ ಬಂತು. ಅಂಗಿ ಹರಿದ ಮುದುಕರು ಹೋಟೆಲಿನ ಬಿಳಿ ಸ್ನಾನದ ಕೋಟು ತೊಟ್ಟು ಕಟ್ಟೆಯ ಮೇಲೆ ಕೂತಿರುವುದನ್ನು ಕಂಡರೆ ಯಾವುದೋ ದೇಶದ ರಾಜರೆಲ್ಲ ಗಡೀಪಾರಾಗಿ ಬಂದ ಹಾಗಿತ್ತು. ಈಗ ಉಗ್ರಾಣವೂ ಬರಿದಾಗಿತ್ತು. ಸರ್ಕಾರ ಅಕ್ಕಿಯ ಲಾಂಚು ಕಳಿಸಿ ಕಳಿಸಿ ಸಾಕಾಗಿ, ಚೌತಿಯೊಳಗೆ ಊರನ್ನೇ ತೆರವು ಮಾಡುತ್ತೇವೆ, ದಡದಲ್ಲಿ ಶೆಡ್ಡು ಕಟ್ಟಿದ್ದೇವೆ ಎಂದು ತಿಳಿಸಿತ್ತು. ನಮ್ಮ ಹೊಟ್ಟೆ ನಾವೇ ನೋಡಿಕೊಳ್ಳುತ್ತೇವೆ ಎಂದು ತೋರಿಸಿದರೆ ಮಾತ್ರ ಇರಬಹುದು.

ಇಷ್ಟಾದರೂ ಬೇಲಿ ಗುನುಗುತ್ತಲೇ ಇತ್ತು. ಮೂರು ದಿನ ನಿಂತರೆ ಪಟ್ಟ ಹೋಗುತ್ತದೆ, ನಾಳೆ ಹಡಗು ಬಂದರೆ ಏನು ಮಾಡುತ್ತೀರಿ ಎಂಬುದು ಜಟ್ಟಪ್ಪನ ವಾದ. ಆ ಕಡೆ ಫೋನು ಎತ್ತುವವರಿಲ್ಲದಿದ್ದರೂ ಎರಡು ವರ್ಷದಿಂದ ದಿನಾ ಬೆಳಿಗ್ಗೆ ಅವನು ಸಮುದ್ರ ಖಾಲಿ ಎಂದು ಹೇಳುತ್ತಲೇ ಇದ್ದ. ಮಂಜಕ್ಕನಿಗೆ ತಲೆಕೆಟ್ಟದ್ದು ಇದಕ್ಕೇ.

"ಯಾರಿಗ್ ಹೇಳ್ತೆ ಅದ್ನ?" ಎಂದಳು, ಈಗ ದನಿ ತಗ್ಗಿಸಿ. "ಗುಲಾಬಿ ನಿನ್ನೆ ಗಂಜಿಗೆ ಉಪ್ಪಿಲ್ದೆ ಕಡ್ಲ್ ನೀರ್ ಹೊಯ್ದಳ್. ನಿನ್ನ ಹೆಂಡ್ತಿ. ಅದ್ ಗೊತ್ತಿತಾ ನಿಂಗೆ?"

ಗೊತ್ತಿರಲಿಲ್ಲ. ಅವನು ಸಿಟ್ಟಿನಲ್ಲೇ, ಅಕ್ಕನ ಮುಖ ನೋಡದೆ, ದೊಡ್ಡ ಸ್ವಿಚ್ಚನ್ನು ಕೆಳಗೆಳೆದ. ಹಸಿರು ಚುಕ್ಕೆಗಳೆಲ್ಲ ಒಟ್ಟಿಗೆ ಆರಿದವು.

ಮರುದಿನವೇ ನೂಲ ಹುಣ್ಣಿಮೆ. ಕಡಲಿಗೆ ಕಾಯಿ ಕೊಟ್ಟು ಬಲೆ ಇಳಿಸುವ ದಿನ. ಊರೆಲ್ಲ ಸೇರಿ ದಡಕ್ಕೆಳೆಯುವ ದೊಡ್ಡ ರಂಪಣಿ ಬಲೆ ಹೋಟೆಲಿನ ಊಟದ ಕೋಣೆಯ ಮಾಡಿನಲ್ಲಿ ಅಲಂಕಾರಕ್ಕೆ ನೇತಾಡುತ್ತಿತ್ತು. ಅದನ್ನು ಇಳಿಸಿ, ಪೋಣಿಸಿದ್ದ ಬಣ್ಣದ ಬಲ್ಬುಗಳನ್ನು ಕಿತ್ತು, ದಂಡೆಗೆ ಹೊತ್ತರು. ರೇವಣಕರ್ ಬಂದು ಇದು ಕಂಪನಿಯ ಸ್ವತ್ತು ಎಂದ. ಬಲೆ ಹೊತ್ತವರು ಅವನನ್ನು ಬಳಸಿಕೊಂಡು ನಡೆದರು. ಅವನೂ ಎರಡನೇ ಸಲ ಹೇಳಲಿಲ್ಲ.

ಪೂಜೆಯಲ್ಲಿ ಒಂದು ಎಡವಟ್ಟಾಯಿತು. ಪ್ರವಾಸಿಗರಿಗೆಂದು ಈ ಪೂಜೆಯನ್ನು ಪ್ರತಿ ಶನಿವಾರ ಸಂಜೆ ಆಡಿ ತೋರಿಸುತ್ತಿದ್ದರು. ಅದಕ್ಕೆ ಫೈಬರಿನ ತೆಂಗಿನಕಾಯಿಯೊಂದಿತ್ತು. ಎಸೆದರೆ ತೇಲುತ್ತದೆ, ಕೊಕ್ಕೆ ಹಾಕಿ ಎಳೆದು ಒರೆಸಿಟ್ಟರೆ ಮುಂದಿನ ಶನಿವಾರಕ್ಕಾಯಿತು. ದ್ವೀಪದಲ್ಲಿ ನಿಜದ ಕಾಯಿಗೆ ಬರಗಾಲ. ಅತಿಥಿಗಳ ತಲೆ ಮೇಲೆ ಬಿದ್ದೀತೆಂದು ಕಂಪನಿ ತೆಂಗಿನ ಮರಗಳ ಹೊಂಬಾಳೆಯನ್ನೇ ಕಡಿಸುತ್ತಿತ್ತು. ಜಟ್ಟಪ್ಪ ಕೈಗೆ ಸಿಕ್ಕಿದ ಆ ಕಾಯಿಯನ್ನೇ ಎಸೆದ. ಜನ ಕೈ ಮುಗಿದರು. ಮುಗಿದ ಕೈ ಇಳಿಯುವ ಮೊದಲೇ ಅವನು, ಹದಿನೈದು ವರ್ಷದ ರೂಢಿ, ಕೊಕ್ಕೆ ಹಾಕಿ ಅದನ್ನು ಹಿಂದಕ್ಕೆಳೆದು ಅಂಗಿಯ ತುದಿಯಲ್ಲಿ ಒರೆಸಿದ. ಆಮೇಲೆ ಏನು ಮಾಡಿದೆನೆಂದು ಅವನಿಗೇ ಹೊಳೆಯಿತು. ಕಡ್ಲಿಗೇ ಕೊಟ್ಟು ಕಡ್ಲಿಂದ್ಲೇ ಕಸ್ಕಂಡ ಎಂದು ಮಂಜಕ್ಕ ಹೇಳಿದ್ದು ಎಲ್ಲರಿಗೂ ಕೇಳಿಸಿತು.

ಬಲೆ ಇಳಿಯಿತು. ದಡದಲ್ಲಿ ಎರಡು ಸಾಲಾಗಿ ನಿಂತು ಹಗ್ಗ ಎಳೆದರು. ಬಲೆ ಭಾರವಾಗಿ ಬಂತು. ಎಲ್ಲರ ಮುಖದಲ್ಲೂ ಕಳೆ. ದಂಡೆಗೆ ಬಂದಾಗ ನೋಡಿದರೆ ಒಂದೇ ಒಂದು ಮೀನಿಲ್ಲ. ತುಂಬ ಲೋಳೆಮೀನು, ಬೇಯಿಸಿದ ಸಾಬೂದಾನಿಯ ರಾಶಿಯ ಹಾಗೆ. ಭಾರಕ್ಕೆ ಬಲೆ ನಡುವೆ ಹರಿಯಿತು. ಬಿಡಿಸಲು ಹೋದವರ ಮೊಣಕೈವರೆಗೆ ಬೆಂಕಿ ತಾಗಿದಂತೆ ಬರೆ ಎದ್ದವು.

ಬೈಗುಳವೆಲ್ಲ ಬಿದ್ದದ್ದು ಜಟ್ಟಪ್ಪನಿಗೆ. ಬೇಲಿ ನಿಲ್ಲಿಸಿ ಪಟ್ಟ ಕಳೆಯಲು ಹೊರಟ ಎಂದು ಕೆಲವರು, ಫೈಬರಿನ ಕಾಯಿ ಎಸೆದು ಕಡಲಮ್ಮನಿಗೆ ಮೋಸ ಮಾಡಿದ ಎಂದು ಕೆಲವರು. ಎರಡೂ ಬೈಗುಳ ಒಟ್ಟಿಗೆ ಹೇಗೆ ಸರಿಯಾಗುತ್ತದೆ ಎಂದು ಅವನು ಕೂಗಾಡಿದ. ಮನೆಯಲ್ಲಿ ಗುಲಾಬಿ ಅವನ ಕೈಗೆ ಸುಣ್ಣ ಹಚ್ಚಿದಳು. ಅವಳು ಮಾತು ಕಡಿಮೆಯ ಹೆಂಗಸು. ಶೆಡ್ಡಿನಲ್ಲಿ ಕಿಟಕಿ ಇರುತ್ತದೋ ಇಲ್ಲವೋ ಎಂದಷ್ಟೇ ಕೇಳಿದಳು. ಅವನಿಗೆ ಅನ್ನ ಇಳಿಯಲಿಲ್ಲ, ಇದ್ದದ್ದೂ ಕಡಿಮೆ.

ಬೆಳಗಾಗುತ್ತಲೇ ಅವನು ಕಂಟ್ರೋಲ್ ರೂಮಿಗೆ ಹೋದ. ಕೆಂಪು ಗುಂಡಿ ಒತ್ತಲು ಕೈ ಹೋಯಿತು, ನಿಲ್ಲಿಸಿದ. ಖಾಲಿಯೆಂದು ಈಗ ಹೇಳುವುದು ಹೇಗೆ? ಕಂಬಗಳಿಗೆ ಗುನುಗುವುದಷ್ಟೇ ಅಲ್ಲ, ಆಲಿಸುವುದೂ ಗೊತ್ತಿತ್ತು. ಅವನು ಕಿವಿಗೆ ಹೆಡ್‌ಫೋನ್ ಏರಿಸಿ ಒಂದೊಂದೇ ಕಂಬವನ್ನು ಕೇಳುತ್ತ ಬಂದ. ಪಡುವಣ ಕಡೆಯ ಕಂಬದಲ್ಲಿ ಕೈ ನಿಂತಿತು. ದೂರದಲ್ಲಿ ಒಣ ಎಲೆಯ ಮೇಲೆ ಮಳೆ ಬಿದ್ದ ಹಾಗೆ ಒಂದು ಚರಚರ. ಚಿಕ್ಕಂದಿನಲ್ಲಿ ಅಪ್ಪನ ದೋಣಿಯ ಹಲಗೆಗೆ ಕಿವಿಯಿಟ್ಟು ಕೇಳಿದ ಸದ್ದು ಅದು. ಬಂಗಡೆ. ಸಣ್ಣ ಹಿಂಡಲ್ಲ, ದೊಡ್ಡ ಹಿಂಡು, ಬೇಲಿಯ ಆಚೆ.

ಬೇಲಿ ನಿಂತಿದ್ದರೂ ಅವು ಒಳಗೆ ಬರುತ್ತಿರಲಿಲ್ಲ. ಲೋಳೆಮೀನು ನೀರು ಒಯ್ದಲ್ಲಿಗೆ ಹೋಗುವ ಜಂತು, ಅದಕ್ಕೆ ನೆನಪಿಲ್ಲ. ಬಂಗಡೆಯ ಹಿಂಡಿನಲ್ಲಿ ಹಳೆಯ ಮೀನಿನ ಹಿಂದೆ ಹೊಸ ಮೀನು ಹೋಗುತ್ತದೆ. ಹದಿನೈದು ವರ್ಷ ಈ ದ್ವೀಪವನ್ನು ಬಳಸಿಕೊಂಡೇ ಹೋಗಿ ಹೋಗಿ ಅದೇ ಅವುಗಳ ದಾರಿಯಾಗಿತ್ತು. ಮೊಗೇರರ ಹಾಗೇ. ಅವರೂ ಕಾಯಿ ಎಸೆದು ವಾಪಸ್ಸು ಎಳೆಯುವುದನ್ನು ಕಲಿತಿರಲಿಲ್ಲವೇ.

ಅವನು ಓಡಿದ್ದು ರೇವಣಕರನ ಕಚೇರಿಗೆ. ಆ ಮನುಷ್ಯ ಬಾಗಿಲು ಹಾಕಿಕೊಂಡು ಮೆತ್ತಗಾದ ಬಿಸ್ಕತ್ತನ್ನು ನೀರಿನಲ್ಲಿ ಅದ್ದಿ ತಿನ್ನುತ್ತಿದ್ದ. ಜಟ್ಟಪ್ಪ ಬಂದದ್ದು ಕಂಡು ತಟ್ಟೆಯನ್ನು ಮೇಜಿನ ಕೆಳಗೆ ಸರಿಸಿದ. ಅವನೂ ಹಸಿದಿದ್ದಾನೆಂದು ಊರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಕಂಪನಿಯ ಆಳೆಂದು ಜಟ್ಟಪ್ಪನಿಗೆ ಅವನ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ವಿಷಯ ಹೇಳಿದ: ದೂರ ಓಡಿಸುವ ಸದ್ದನ್ನು ಹಿಂಡಿನ ಹಿಂದೆ ಇಟ್ಟರೆ ಅದು ಹತ್ತಿರ ಓಡಿಸಬೇಕಲ್ಲವೇ?

ರೇವಣಕರ್ ಮೊದಲು ಕಂಪನಿ, ಪಟ್ಟ, ನಿಯಮ ಎಂದೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅವನ ಕೈ ಕಾಗದದ ಮೇಲೆ ಅರ್ಧಚಂದ್ರ ಬರೆಯತೊಡಗಿತ್ತು. ಬೇಲಿ ನೆಡುವ ಕಾಲಕ್ಕೆ ಅದರ ಸ್ವರ ಹೊಂದಿಸಿದವನು ಅವನೇ. ಬಿಡಿ ಕಂಬಗಳು ಗೋದಾಮಿನಲ್ಲಿವೆ, ಅತಿಥಿಗಳನ್ನು ಸುತ್ತಿಸುವ ಗಾಡಿಗಳ ಬ್ಯಾಟರಿ ಸಾಕಾಗುತ್ತದೆ ಎಂದ. "ಆದ್ರೆ ಜಟ್ಟಪ್ಪನವರೇ, ಒಂದೇ ಸಲ ಜೋರು ಮಾಡಿದ್ರೆ ಹಿಂಡು ಚೆಲ್ಲಾಪಿಲ್ಲಿ ಆಗ್ತದೆ. ಸಣ್ಣಕ್ಕೆ ಶುರು ಮಾಡ್ಬೇಕು. ದನ ಅಟ್ಟಿದ ಹಾಗೆ, ಹಿಂದಿಂದ, ಮೆಲ್ಲ."

ಎರಡು ದೋಣಿ ಕಂಬಗಳನ್ನು ನೀರಿಗೆ ಇಳಿಬಿಟ್ಟುಕೊಂಡು ಹಿಂಡನ್ನು ಬಳಸಿ ಹೋಗುವುದು, ರಂಪಣಿ ಬಲೆ ಬಿಡುವ ದೋಣಿಗಳ ಹಾಗೇ. ಬೇಲಿಯ ಪಡುವಣ ಬಾಯಿ ಮಾತ್ರ ಸುಮ್ಮನಿರುವುದು, ಎಡಬಲದ ಕಂಬಗಳು ಗುನುಗುತ್ತ ಲೋಳೆಮೀನನ್ನೂ ಆಳಕ್ಕಿಳಿಸುವುದು. ಹಿಂಡು ಒಳಗಾದ ಕೂಡಲೇ ಬಾಯಿ ಮುಚ್ಚುವುದು. ನೂಲಿನ ಬದಲು ಸದ್ದಿನ ಬಲೆ. ದೋಣಿಗೆ ರೇವಣಕರ್, ಬಾಯಿ ಮುಚ್ಚುವ ಸ್ವಿಚ್ಚಿಗೆ ಜಟ್ಟಪ್ಪ ಎಂದಾಯಿತು.

ಊರಿಗೆ ಹೇಳಿದರೆ ಎಲ್ಲರೂ ಒಪ್ಪಿದರು, ಮಂಜಕ್ಕ ಒಪ್ಪಲಿಲ್ಲ.

ಅವಳ ತಕರಾರು ಪಾಲಿನದು. ರಂಪಣಿಯಲ್ಲಿ ಹಗ್ಗಕ್ಕೆ ಕೈಯಿಟ್ಟವರಿಗೆ ಪಾಲು. ಕುಂಟನಿರಲಿ, ಹೊಟ್ಟೆ ಬಂದ ಬಸುರಿಯಿರಲಿ, ದಾರಿಯಲ್ಲಿ ಹೋಗುತ್ತಿದ್ದ ಪರಊರವನಿರಲಿ, ಹಗ್ಗ ಮುಟ್ಟಿದರೆ ಅವನ ಮಡಿಲಿಗೆ ಮೀನು ಬೀಳಲೇಬೇಕು. ಮುಟ್ಟದವನು ಊರಿನ ಹಿರಿಯನಾದರೂ ಪಾಲಿಲ್ಲ. ಈಗ ಯಂತ್ರವೇ ಮೀನು ಅಟ್ಟಿ ತಂದರೆ ನಾಳೆ ಕಂಪನಿ ಬಂದು ಮೀನೆಲ್ಲ ಯಂತ್ರದ್ದು ಎನ್ನುತ್ತದೆ, ಆಗ ಏನು ಹೇಳುತ್ತೀರಿ ಎಂದು ಕೇಳಿದಳು. ಕೊನೆಗೆ ಅವಳೇ ತೀರ್ಮಾನ ಕೊಟ್ಟಳು: ಕಡೆಯ ಎಳೆತಕ್ಕೆ ಬಲೆ ಬೇಕು, ಬಲೆಗೆ ಹಗ್ಗ ಬೇಕು, ಹಗ್ಗಕ್ಕೆ ಊರಿನ ಕೈ ಬೇಕು. ಹರಿದ ಬಲೆಗೆ ಟೆನಿಸ್ ಅಂಗಳದ ಬಲೆಯ ತುಂಡು ಹೊಲಿದರು. ಒಂದು ಮರದಲ್ಲಿ ಹೇಗೋ ಕಣ್ತಪ್ಪಿ ಉಳಿದು ಬಲಿತಿದ್ದ ಒಂದು ಕಾಯಿಯನ್ನು ಮಂಜಕ್ಕ ತಾನೇ ಕಡಲಿಗೆ ಬಿಟ್ಟಳು. ಅದು ತೇಲುತ್ತ ಹೋಗುವವರೆಗೆ ಕೊಕ್ಕೆಯನ್ನು ಸೆರಗಿನ ಹಿಂದೆ ಹಿಡಿದು ನಿಂತಿದ್ದಳು, ತಮ್ಮನ ಮೇಲೆ ಅಷ್ಟೂ ನಂಬಿಕೆಯಿಲ್ಲದೆ.

ತೆರವಿನ ಲಾಂಚು ಬಂದದ್ದೂ ಅದೇ ಬೆಳಿಗ್ಗೆ. ಅಧಿಕಾರಿ ಕೈಗಡಿಯಾರ ನೋಡಿಕೊಳ್ಳುತ್ತ ಜೆಟ್ಟಿಯಲ್ಲಿ ನಿಂತ. ಗಂಟು ಕಟ್ಟಿ ಸಿದ್ಧರಾಗಿ ಎಂದು ಲಾಂಚಿನವರು ಕೂಗಿದರೆ, ಒಂದು ಬಲೆ ಎಳೆದು ಬರುತ್ತೇವೆ, ತಾಳಿ ಎಂದು ಜನ ತಿರುಗಿ ಕೂಗಿದರು.

ಜಟ್ಟಪ್ಪ ಕಂಟ್ರೋಲ್ ರೂಮಿನಲ್ಲಿ ಒಬ್ಬನೇ. ಕಿಟಕಿಯಿಂದ ದಂಡೆ ಕಾಣುತ್ತಿತ್ತು, ಕಿವಿಯಲ್ಲಿ ಕಡಲು. ಚರಚರ ಮೊದಲು ದೂರ, ಆಮೇಲೆ ಇನ್ನೂ ದೂರ. ಹೋಯ್ತು, ಶೆಡ್ಡೇ ಗತಿ ಅಂದುಕೊಂಡ. ಅಷ್ಟರಲ್ಲಿ ರೇವಣಕರನ ಕಂಬಗಳ ಗುನುಗು ಒಂದು ಎಳೆ ಏರಿತು, ಹಿಂಡು ಹೊರಳಿತು. ಮಳೆಯ ಸದ್ದು ಹತ್ತಿರ ಬಂತು. ಎಡಗಡೆಯ ಕಂಬ, ಬಲಗಡೆಯ ಕಂಬ, ನಡುವೆ ಬಾಯಿ. ಕಿವಿ ತುಂಬ ಮಳೆ. ಅವನು ಕೊನೆಯ ಮೀನೂ ದಾಟಲಿ ಎಂದು ಕಾದು, ಸ್ವಿಚ್ಚು ಹಾಕಿ ಬೇಲಿಯ ಬಾಯಿ ಮುಚ್ಚಿದ.

ದಂಡೆಯಲ್ಲಿ ಹಗ್ಗ ಬಿಗಿಯಿತು. ಈ ಸಲದ ಭಾರ ಬೇರೆ. ಸತ್ತ ಭಾರವಲ್ಲ, ಒದೆಯುವ ಭಾರ. ಬಿಳಿ ಕೋಟಿನ ಮುದುಕರು ಹಿಮ್ಮಡಿ ಊರಿ ಎಳೆದರು. ಬಡಗಣ ಸಾಲು ಜಾರತೊಡಗಿದಾಗ ಆಗಷ್ಟೇ ದೋಣಿಯಿಂದಿಳಿದ ರೇವಣಕರ್ ಬೂಟು ಸಮೇತ ನೀರಿನಲ್ಲಿ ಓಡಿ ಬಂದು ಹಗ್ಗ ಹಿಡಿದ. ಅವನ ಹಿಂದೆ ಲಾಂಚಿನವರು, ಅವರ ಹಿಂದೆ, ಪ್ಯಾಂಟು ಮಡಚಿಕೊಂಡು, ಅಧಿಕಾರಿ. ಬಲೆ ಮರಳಿಗೆ ಬಂದು ಬಾಯಿ ಬಿಟ್ಟಿತು. ದಂಡೆಯುದ್ದಕ್ಕೂ ಬಂಗಡೆ, ಬೆಳ್ಳಿ ಮತ್ತು ನೀಲಿ, ಪಟಪಟ ಹಾರುತ್ತ. ಅದರ ನಡುವೆ ಕೀಳಲು ಮರೆತ ಒಂದು ಕೆಂಪು ಬಲ್ಬು.

ಮುದುಕಿಯೊಬ್ಬಳು ಮರಳಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಉಳಿದವರು ನಕ್ಕರು.

ಪಾಲು ಮಾಡಿದವಳು ಮಂಜಕ್ಕ. ಅಧಿಕಾರಿಗೂ ಒಂದು ಪಾಲು, ಲಾಂಚಿನವರಿಗೂ. ರೇವಣಕರ್ ಹಿಂದೆ ಸರಿದು, ಕಂಪನಿಯ ನೌಕರ, ತೆಗೆದುಕೊಳ್ಳುವ ಹಾಗಿಲ್ಲ ಎಂದ.

"ಹಗ್ಗ ಮುಟ್ಟಿರಿ ಅಲ್ದಾ," ಎಂದಳು ಅವಳು. "ಪಾಲ್ ಬಿಟ್ರೆ ಮುಂದಿನ್ ಬಲೆಗೆ ಸೇರ್ಸುದಿಲ್ಲ ಕಾಣಿ, ಸಾಹೇಬ್ರೆ. ಕೋಟ್ ಬಿಚ್ಚಿ, ಅದ್ರಗೇ ಕಟ್ಟಿ ಕೊಡ್ತೆ."

ಅವನು ಕೋಟು ಬಿಚ್ಚಿದ.

ಜಟ್ಟಪ್ಪ ಬೆವರು ಒರೆಸಿಕೊಳ್ಳುತ್ತ, ಊರನ್ನೇ ಉಳಿಸಿದ ಗತ್ತಿನಲ್ಲಿ, ಇಳಿದು ಬಂದ. ಮಂಜಕ್ಕ ಅವನ ಕಡೆ ನೋಡಿ ಬುಟ್ಟಿ ಮಗುಚಿದಳು. ನಿನಗಿಲ್ಲ ಎಂದಳು. ಅವನು ಹಾರಾಡಿದ. ಬಾಯಿ ಮುಚ್ಚಿದ್ದು ಯಾರು, ಹಿಂಡು ಕೇಳಿದ್ದು ಯಾರು ಎಂದು ಊರಿಗೇ ಕೇಳುವಂತೆ ಅರಚಿದ. ಅವಳು ಎಲ್ಲ ಕೇಳಿ ಶಾಂತವಾಗಿ ಕೈ ತೊಳೆದುಕೊಂಡಳು. "ಹಗ್ಗ ಮುಟ್ಲಿಲ್ಲ ನೀನ್," ಎಂದಳು. "ಗುಲಾಬಿ ಮುಟ್ಟಿಳ್. ಅವ್ಳ್ ಪಾಲಲ್ಲಿ ಉಣ್ಣ್, ಹೋಗ್."

ಆ ಮಧ್ಯಾಹ್ನ ಹುಳಿ ಹಾಕಿದ ಬಂಗಡೆಯ ಸಾರು ಉಣ್ಣುವಾಗಲೂ ಅವನ ಮುಖ ಊದಿಯೇ ಇತ್ತು. ಆದರೂ ಮೂರು ಸಲ ಬಡಿಸಿಕೊಂಡ. ಗುಲಾಬಿ ಸೆರಗು ಬಾಯಿಗೆ ಒತ್ತಿ ನಕ್ಕಳು. ಲಾಂಚು ಮೀನು ಹೇರಿಕೊಂಡು, ಜನರಿಲ್ಲದೆ, ವಾಪಸ್ಸು ಹೋಗಿತ್ತು.

ಹಿಂಡುಗಳು ದಾರಿ ಕಲಿತವು. ಹತ್ತಾರು ಸಲ ಅಟ್ಟಿದ ಮೇಲೆ ಅಟ್ಟುವುದೇ ಬೇಡವಾಯಿತು. ಹಳೆಯ ಮೀನಿನ ಹಿಂದೆ ಹೊಸ ಮೀನು ತಾನಾಗಿ ಬಂತು. ಲೋಳೆಮೀನನ್ನು ತಿನ್ನುವ ಆಮೆಯೂ ಬಂತು. ನೀರು ಗಾಜಿನಂತೆ ಉಳಿಯಲಿಲ್ಲ, ಗಂಜಿತಿಳಿಯ ಬಣ್ಣಕ್ಕೆ ತಿರುಗಿತು. ಅಕ್ಕಿ, ಉಪ್ಪು, ಮೆಣಸಿಗೆ ಬದಲಾಗಿ ಬಂಗಡೆ ದಡಕ್ಕೆ ಹೋಯಿತು. ಜಟ್ಟಪ್ಪ ಮಾತ್ರ ದಿನಾ ಬೆಳಿಗ್ಗೆ ಹೋಗಿ, ಅಕ್ಕನ ಮೇಲಿನ ಹಟಕ್ಕೆ, ಕೆಲಸವಿಲ್ಲದ ಕೋಣೆಯಲ್ಲಿ ಕೂತು ಬರುತ್ತಿದ್ದ. ಹೀಗಾಗಿ ಅವನಿಗೆ ಅಲ್ಲಿಯವರೆಗೂ ಒಂದು ಪಾಲೂ ದಕ್ಕಿರಲಿಲ್ಲ.

ದೀಪಾವಳಿ ಕಳೆದು ಕೆಲವು ದಿನಕ್ಕೆ ಕಂಟ್ರೋಲ್ ರೂಮಿನ ಟೆಲಿಫೋನು ಬಡಿದುಕೊಂಡಿತು. ರೇವಣಕರ್ ಎತ್ತಿ, ಕೇಳಿ, ಮುಖ ಅರಳಿಸಿ, ಜಟ್ಟಪ್ಪನಿಗೆ ಕೊಟ್ಟ. ಕುಸಿತ ಮುಗಿಯುತ್ತಿದೆಯಂತೆ. ಮುಂದಿನ ತಿಂಗಳು ಹಡಗು ಹೊರಡುತ್ತದಂತೆ. ನಡುವೆ ಬೇಲಿ ನಿಂತಿತ್ತೋ ಇಲ್ಲವೋ ನೋಡಲು ಯಾರೂ ಬಂದಿಲ್ಲ, ಬರುವುದೂ ಇಲ್ಲ. ಜಟ್ಟಪ್ಪ ಸ್ವಿಚ್ಚು ಹಾಕಿ, ಹಳೆಯ ಎರಡು ಮಾತು ಹೇಳಿದರೆ ಸಾಕು, ಸಂಬಳ ಈ ತಿಂಗಳಿಂದಲೇ ಶುರು.

ಅವನು ಕಿಟಕಿಯಿಂದ ನೋಡಿದ. ದಂಡೆಯಲ್ಲಿ ಬಲೆ ಇಳಿದಿತ್ತು. ಎರಡು ಸಾಲು ನಿಂತಿತ್ತು. ತೆಂಕಣ ಸಾಲಿನ ಕೊನೆಯಲ್ಲಿ ಮಂಜಕ್ಕ ಹಗ್ಗದ ತುದಿಯನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತಿದ್ದಳು. ಅವಳ ಹಿಂದೆ ಒಬ್ಬ ಆಳು ನಿಲ್ಲುವಷ್ಟು ಹಗ್ಗ ಮರಳಿನ ಮೇಲೆ ಬಿದ್ದಿತ್ತು.

"ಬೆಳ್ಗುಂಡಿ," ಎಂದ ಜಟ್ಟಪ್ಪ ಫೋನಿನಲ್ಲಿ. "ಸಮುದ್ರ ಖಾಲಿ ಇಲ್ಲ. ಚುಚ್ಚೂದು ಉಂಟು, ಕಚ್ಚೂದು ಉಂಟು, ತಿಂಬೂದೂ ಉಂಟು. ಬರೋರ್ ಬರ್ಲಿ. ಅವ್ರಿಗೂ ಕೈ ಇರ್ತದಲ್ದಾ?"

ಆ ಕಡೆಯಿಂದ ಏನೋ ಕೇಳುತ್ತಿದ್ದರು. ಅವನು ರಿಸೀವರನ್ನು ಮೇಜಿನ ಮೇಲೆ ಮಲಗಿಸಿದ. ಬೀಗದ ಕೈಯನ್ನು ಅದರ ಪಕ್ಕದಲ್ಲಿಟ್ಟ. ರೇವಣಕರನ ಭುಜ ತಟ್ಟಿ, ಬರ್ತ್ರಾ ಎಂದು ಕೇಳಿ, ಉತ್ತರಕ್ಕೆ ಕಾಯದೆ, ಚಪ್ಪಲಿಯನ್ನು ಹೊಸ್ತಿಲಲ್ಲೇ ಬಿಟ್ಟು ಬಿರಬಿರನೆ ಮೆಟ್ಟಿಲು ಇಳಿದ. ಹಿಂದೆ ಫೋನು ಹಲೋ ಹಲೋ ಎನ್ನುತ್ತಲೇ ಇತ್ತು.

ಆ ಚಪ್ಪಲಿ ಬಹಳ ಕಾಲ ಅಲ್ಲೇ ಇತ್ತು. ಅದಕ್ಕೂ ಅವನು ತಿರುಗಿ ಬರಲಿಲ್ಲ.